ನೂರಾ ಹದಿನಾಲ್ಕನೆಯ ನಂಬರು

"ಆ ಜಂಗಮರ ಹೆಣ್ಣಮಗಳನ್ನ ಮನಿಗೆ ಕರಸಬೇಕು," ಎಂದರು ಗುರುಬಾಯಿ, ತಾಟಿನ ಮುಂದೆ ಕೂಡುತ್ತಲೇ. "ಕಾಲ ತೊಳದು, ಹೋಳಗಿ ಉಣಿಸಿ, ಉಡಿ ತುಂಬಿ ಕಳಸಬೇಕು. ಆಕಿ ರಗತ ಕೊಟ್ಟಿರಲಿಲ್ಲಂದ್ರ ಈ ಹೊತ್ತಿಗೆ ನೀವೆಲ್ಲಾ ನನ್ನ ದಿನಾ ಮಾಡಿ, ಉಂಡು ಕೈ ತೊಳಕೊಂಡಿರತಿದ್ರಿ."

"ಬಿಡ್ತು ಅನ್ರಿ ಅತ್ತೀ," ಎಂದಳು ಸೊಸೆ ಸುಭದ್ರಾಬಾಯಿ, ಒಲೆಯ ಮುಂದೆ ರೊಟ್ಟಿ ಬಡಿಯುತ್ತ.

ಮಗಳು ಸುಂದರಬಾಯಿಯ ಕೈಯಲ್ಲಿದ್ದ ತುತ್ತು ಬಾಯಿಯ ತನಕ ಹೋಗಿ ನಿಂತಿತು. ಹಿತ್ತಲ ಬಾಗಿಲಾಚೆ ಕಸಬರಿಗೆಯ ಸದ್ದೂ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಅದು ೧೯೮೬ರ ಜನವರಿಯ ಮೊದಲ ವಾರ. ಗುರುಬಾಯಿ ಸೊಲ್ಲಾಪುರದ ದವಾಖಾನೆಯಿಂದ ಆಳಂದದ ಮನೆಗೆ ಬಂದು ನಾಲ್ಕು ದಿನವಾಗಿತ್ತು. ಹೋಗುವಾಗ ಸುಣ್ಣ ಬಳಿದ ಗೋಡೆಯಂತಿದ್ದ ಮುಖಕ್ಕೆ ಈಗ ಚೂರು ಕಳೆ ಬಂದಿತ್ತು. ಕಳೆಯ ಹಿಂದೆಯೇ ದರ್ಬಾರೂ ಬಂದಿತ್ತು. ಬೇಳೆಗೆ ಉಪ್ಪು ಹೆಚ್ಚಾಯಿತು, ಎಮ್ಮೆಗೆ ಹಿಂಡಿ ಕಡಿಮೆಯಾಯಿತು, ಮೊಮ್ಮಗಳು ಜಡೆ ಬಿಗಿಯಾಗಿ ಹೆಣೆದಿಲ್ಲ, ಎಲ್ಲವೂ ಮತ್ತೆ ಅವರ ಕಣ್ಣಿಗೆ ಬೀಳತೊಡಗಿದ್ದವು. ಮನೆಯವರಿಗೆ ಅದೇ ಸಂತೋಷ.

"ಆಕಿ ಊರಾಗ ಇಲ್ಲ ಅವ್ವಾ," ಎಂದಳು ಸುಂದರಬಾಯಿ. "ತವರಮನಿಗೆ ಹೋಗ್ಯಾಳಂತ."

"ಹೋದಾಕಿ ಬರ್ತಾಳಲ್ಲ. ಬರಲಿ. ನನಗೇನು ಅವಸರದ?"

ಆ ಹೆಣ್ಣುಮಗಳು ಬರುವಂತಿರಲಿಲ್ಲ, ಯಾಕೆಂದರೆ ಅಂಥವಳು ಯಾರೂ ಇರಲೇ ಇಲ್ಲ. ಗುರುಬಾಯಿಗೆ ಏರಿಸಿದ ಒಂದು ಬಾಟಲಿ ರಕ್ತ ಹಿತ್ತಲಲ್ಲಿ ಕಸ ಗುಡಿಸುತ್ತಿದ್ದ ಮಾಣಿಕಮ್ಮನದು. ಮೂವತ್ತು ವರ್ಷದಿಂದ ಈ ಮನೆಯ ಅಂಗಳ ಗುಡಿಸಿ, ತೊಗರಿ ಹಸನು ಮಾಡಿ, ಹಿತ್ತಲ ಬಾಗಿಲಲ್ಲಿ ಸೆರಗೊಡ್ಡಿ ರೊಟ್ಟಿ ಇಸಿದುಕೊಂಡು ಹೋಗುವವಳು ಅವಳು. ರೊಟ್ಟಿಯನ್ನು ಅವಳ ಕೈಗೆ ಕೊಡುತ್ತಿರಲಿಲ್ಲ, ಮೇಲಿಂದ ಸೆರಗಿಗೆ ಹಾಕುತ್ತಿದ್ದರು. ಬುದ್ಧನ ಫೋಟೋ ಇಟ್ಟುಕೊಂಡ ಓಣಿಯವಳು.

ದವಾಖಾನೆಯಲ್ಲಿ ಗುರುಬಾಯಿ ಹಠ ಹಿಡಿದಿದ್ದರು. "ಲಿಂಗ ಕಟ್ಟಿದ ಮೈ ಇದು. ಯಾರ್‍ಯಾರದೋ ರಗತ ಒಳಗ ಹಾಕಸಬ್ಯಾಡ ಸುಂದ್ರಾ. ಸತ್ರ ಸಾಯ್ತೇನಿ." ಆಗ ಅವರ ಮೈಯಲ್ಲಿ ಇರಬೇಕಾದ ರಕ್ತದ ಮೂರರಲ್ಲಿ ಒಂದು ಪಾಲೂ ಇರಲಿಲ್ಲ. ಗರ್ಭಚೀಲದ ಗಡ್ಡೆ ಒಂದೇ ಸಮನೆ ಸುರಿಸಿತ್ತು. ಬಾಟಲಿ ಸ್ಟ್ಯಾಂಡಿಗೆ ತೂಗಿತ್ತು, ಸಿಸ್ಟರು ಸೂಜಿ ಹಿಡಿದು ನಿಂತಿದ್ದಳು, ತಾಯಿ ಕೈ ಎಳೆದುಕೊಂಡಿದ್ದರು. ಸುಂದರಬಾಯಿಯ ಬಾಯಿಂದ ಬಂದುಬಿಟ್ಟಿತು: "ಜಂಗಮರ ಹೆಣ್ಣಮಗಳದು ಅವ್ವಾ. ಸೊಲ್ಲಾಪುರದಾಕಿ."

ತಾಯಿ ಕೈ ಚಾಚಿದರು. ಮಗಳ ಮೇಲೆ ಅಷ್ಟು ನಂಬಿಕೆ.

ಅಂದು ಮಧ್ಯಾಹ್ನ ರಕ್ತ ಕೊಟ್ಟ ಮಾಣಿಕಮ್ಮ ಒಂದು ಕಪ್ಪು ಚಹಾ ಕುಡಿದು, ಸಂಜೆಗೆ ಅದೇ ದವಾಖಾನೆಯ ನಲ್ಲಿಯ ಕೆಳಗೆ ಗುರುಬಾಯಿಯ ರಕ್ತ ಮೆತ್ತಿದ ಸೀರೆಗಳನ್ನು ಒಗೆಯುತ್ತಿದ್ದಳು. ರೋಗಿಯ ಚಾಕರಿಗೆಂದು ಸುಳ್ಳು ಹೇಳಿ ಕರೆತಂದದ್ದಲ್ಲವೇ, ಚಾಕರಿ ಮಾಡದಿದ್ದರೆ ಅನುಮಾನ ಬರುತ್ತಿತ್ತು. ಮೇಲಿನ ಕಿಟಕಿಯಿಂದ ಸುಂದರಬಾಯಿ ನೋಡಿದಳು. ಇವತ್ತು ಒಗೆಯಬೇಡ ಎಂದು ಹೇಳಲು ಎರಡು ಮೆಟ್ಟಿಲ ಸಾಲು ಇಳಿದರೆ ಸಾಕಿತ್ತು, ಇಳಿಯಲಿಲ್ಲ.

* * *

ಸುಂದರಬಾಯಿ ಸಣ್ಣವಳಲ್ಲ. ವಯಸ್ಸಿನಲ್ಲಿ ನಲವತ್ತನಾಲ್ಕು, ಕೆಲಸದಲ್ಲಿ ವಿಜ್ಞಾನಿ. ಮುಂಬಯಿಯ ಪರೇಲಿನ ಒಂದು ಪ್ರಯೋಗಾಲಯದಲ್ಲಿ ಹದಿನಾರು ವರ್ಷಗಳಿಂದ ಕೆಂಪು ರಕ್ತಕಣಗಳ ಅಭ್ಯಾಸ. ಒಬ್ಬರ ರಕ್ತ ಇನ್ನೊಬ್ಬರಿಗೆ ಯಾಕೆ ಒಗ್ಗುತ್ತದೆ, ಯಾಕೆ ಒಗ್ಗುವುದಿಲ್ಲ ಎಂಬುದರ ಮೇಲೆ ಅವಳು ಬರೆದದ್ದನ್ನು ಹೊರದೇಶದವರೂ ಓದುತ್ತಿದ್ದರು. ಪ್ರತಿ ವರ್ಷ ಹೊಸದಾಗಿ ಬಂದ ಹುಡುಗರಿಗೆ ಅವಳು ಮೊದಲ ದಿನ ಹೇಳುತ್ತಿದ್ದದ್ದು ಒಂದೇ ಮಾತು: ಬಾಟಲಿಯ ಮೇಲಿನ ಚೀಟಿ ಸುಳ್ಳಾದರೆ ಮನುಷ್ಯ ಸಾಯುತ್ತಾನೆ.

ಅವಳನ್ನು ಓದಿಸಿದ್ದು ಗುರುಬಾಯಿ. ಮಗಳಿಗೆ ಹದಿನೇಳಾದಾಗ ಮಾವಂದಿರೆಲ್ಲ ಜೇವರ್ಗಿಯ ಒಬ್ಬ ಸಾಹುಕಾರರ ಮನೆಗೆ ಕೊಡುವ ಮಾತು ತಂದರೆ, ಗುರುಬಾಯಿ ಬಾಗಿಲಿಗೆ ಅಡ್ಡ ನಿಂತು, "ನನ್ನ ಮಗಳು ಓದ್ತಾಳ, ನೀವು ಚಹಾ ಕುಡದು ಹೋಗ್ರಿ," ಎಂದಿದ್ದರು.

ಹನ್ನೆರಡು ವರ್ಷದ ಹಿಂದೆ, ೧೯೭೪ರಲ್ಲಿ, ಸುಂದರಬಾಯಿ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಜನರ ರಕ್ತದ ಗುಂಪು ನೋಡಲು ಸೂಜಿ, ಬಿಳಿ ಟೈಲು, ಔಷಧದ ಸೀಸೆಗಳ ಪೆಟ್ಟಿಗೆಯೊಂದಿಗೆ ಬಂದಿದ್ದಳು. ಊರ ಸಾಲೆಯ ಕಟ್ಟೆಯ ಮೇಲೆ ಟೇಬಲು ಹಾಕಿ ಕುಳಿತರೆ ಒಬ್ಬರೂ ಹತ್ತಿರ ಸುಳಿಯಲಿಲ್ಲ. ಸರ್ಕಾರದವರು ಸೂಜಿ ಚುಚ್ಚಿ ಮಕ್ಕಳಾಗದ ಹಾಗೆ ಮಾಡುತ್ತಾರೆಂದು ಸುದ್ದಿ. ಆಗ ಗುರುಬಾಯಿ ತಲೆಯ ಮೇಲೆ ಸೆರಗು ಹೊದ್ದು ಬಂದು ಎಲ್ಲರ ಎದುರು ಬೆರಳು ಚಾಚಿದರು. "ಚುಚ್ಚು. ನೋಡ್ರಿ, ಸತ್ತೇನೇನು? ಬರ್ರಿ ಒಬ್ಬೊಬ್ಬರ!" ಅಂದು ಇನ್ನೂರು ಜನ ಬೆರಳು ಕೊಟ್ಟರು.

ಆ ಇನ್ನೂರರಲ್ಲಿ ಎರಡು ಹನಿಗಳು ಬೇರೆಯಾಗಿದ್ದವು. ಮೇಲುನೋಟಕ್ಕೆ ಅವು ಓ ಗುಂಪಿನವು. ಆದರೆ ಆ ಎರಡರ ಮೇಲೆ ನಿಂತ ತಿಳಿ ನೀರನ್ನು ಓ ಗುಂಪಿನ ರಕ್ತಕ್ಕೆ ಬೆರೆಸಿದರೆ ಟೈಲಿನ ಮೇಲೆ ಕೆಂಪು ಕಣಗಳು ಒಡೆದ ಹಾಲಿನಂತೆ ಗಂಟುಗಟ್ಟುತ್ತಿದ್ದವು. ಮುಂಬಯಿಯಲ್ಲಿ ಮೊದಲು ಸಿಕ್ಕಿದ್ದರಿಂದ ಅದಕ್ಕೆ ಮುಂಬಯಿ ಗುಂಪೆಂದೇ ಹೆಸರು. ಸಾವಿರ ಸಾವಿರ ಜನರಲ್ಲಿ ಒಬ್ಬರಿಗಿದ್ದರೆ ಇತ್ತು. ಅಂಥವರಿಗೆ ಅಂಥವರದೇ ರಕ್ತ ಬೇಕು, ಬೇರೆ ಯಾವುದನ್ನು ಕೊಟ್ಟರೂ ವಿಷ. ಒಡಹುಟ್ಟಿದವರಲ್ಲಿ ಅದೇ ಗುಂಪು ಇರುವ ಸಂಭವ ಹೆಚ್ಚು. ಹಾಗಾಗಿ ಒಬ್ಬರು ಸಿಕ್ಕರೆ ಅವರ ಅಣ್ಣ ತಮ್ಮ ಅಕ್ಕ ತಂಗಿಯರನ್ನೆಲ್ಲ ನೋಡಿ ಗುಂಪು ಬರೆದ ಕಾರ್ಡು ಕೊಡಬೇಕೆಂಬುದು ಅವಳ ಕಸುಬಿನ ಮೊದಲ ಪಾಠ.

ರಜಿಸ್ಟರಿನಲ್ಲಿ ಮೊದಲನೆಯ ನಂಬರು ಗುರುಬಾಯಿ. ನೂರಾ ಹದಿನಾಲ್ಕು ಮಾಣಿಕಮ್ಮ.

ಸುಂದರಬಾಯಿ ಎರಡು ಕಾರ್ಡು ಬರೆದಳು. ಒಂದನ್ನು ತಾಯಿಗೆ ಕೊಟ್ಟಳು. ಗುರುಬಾಯಿ ಅದನ್ನು ವಿಭೂತಿ ಚೀಲದಲ್ಲಿ ಹೊಲಿದಿಟ್ಟುಕೊಂಡು, "ನನ್ನಂಥಾ ರಗತ ಮೂರೂ ತಾಲೂಕದಾಗ ಯಾರಿಗೂ ಇಲ್ಲಂತ, ನನ್ನ ಮಗಳು ನೋಡ್ಯಾಳ!" ಎಂದು ಮದುವೆ ಮನೆ, ಮಠ, ಸಂತೆ ಎನ್ನದೆ ಹೇಳುತ್ತ ತಿರುಗಿದರು. ಸುಂದರಬಾಯಿ ಪಕ್ಕದಲ್ಲೇ ಕುಳಿತು ನಕ್ಕಳು. ಎರಡನೆಯ ಕಾರ್ಡನ್ನು ಹಿತ್ತಲ ಬಾಗಿಲಲ್ಲಿ ಕೊಟ್ಟರೆ ಅರ್ಧ ತಾಸಿನಲ್ಲಿ ಸುದ್ದಿ ಪಡಸಾಲೆಗೆ ಬರುತ್ತಿತ್ತು. ಬರುವ ವರ್ಷ ಹೇಳಿದರಾಯಿತು ಎಂದುಕೊಂಡಳು. ಬರುವ ವರ್ಷ ಅವಳ ಪ್ರಬಂಧ ಅಚ್ಚಾಯಿತು, ಹೆಸರಾಯಿತು, ಬಡ್ತಿಯಾಯಿತು. ಕಾರ್ಡು ರಜಿಸ್ಟರಿನಲ್ಲೇ ಉಳಿಯಿತು.

ಮಾಣಿಕಮ್ಮನಿಗೆ ಸೊಲ್ಲಾಪುರದಲ್ಲಿ ಹೇಳಿದ್ದು ಇಷ್ಟೇ: "ನಿನ್ನ ರಗತ ಅವ್ವಗ ಹೊಂದ್ತದ. ಯಾರ ಮುಂದೂ ಅನಬ್ಯಾಡ."

"ಇಲ್ರಿ ಅಕ್ಕಾರ," ಎಂದಿದ್ದಳು ಅವಳು. ಯಾಕೆಂದು ಕೇಳಿರಲಿಲ್ಲ.

* * *

ಎಳ್ಳಮಾಸಿ ಬಂತು, ಹೊಲಕ್ಕೆ ಎಡೆ ಕೊಡುವ ಅಮಾವಾಸ್ಯೆ. ಗುರುಬಾಯಿ ಹೊಲಕ್ಕೆ ಹೋಗುವಂತಿರಲಿಲ್ಲ. ಸುಂದರಬಾಯಿಯ ತಮ್ಮ, ಸುಭದ್ರಾಳ ಗಂಡ ಕಲ್ಯಾಣಪ್ಪ ಹೊಲದಲ್ಲಿ ಚರಗದ ಎಡೆ ಚೆಲ್ಲಿ ಬಂದ ಮೇಲೆ ಮನೆಯಲ್ಲೇ ಎಲ್ಲರಿಗೂ ಬಜ್ಜಿ, ಸಜ್ಜೆ ಕಡಬು, ಶೇಂಗಾ ಹೋಳಿಗೆ. ಸುಭದ್ರಾಗೆ ಬೆಳಗಿನ ನಾಲ್ಕರಿಂದ ಸೊಂಟ ನೆಟ್ಟಗಾಗಿರಲಿಲ್ಲ.

"ಮಾಣಕಿಗೆ ಹಾಕಿ ಬರ್ತೀರೇನಕ್ಕಾ? ನನ್ನ ಕೈ ಹಿಟ್ಟಾಗ್ಯಾವ," ಎಂದಳು.

ಸುಂದರಬಾಯಿ ತಾಟಿನಲ್ಲಿ ಬಡಿಸಿಕೊಂಡು ಹಿತ್ತಲಿಗೆ ಹೋದಳು. ತಾಟು ಕೊಡಹೋದರೆ ಮಾಣಿಕಮ್ಮ ಗಾಬರಿಯಾಗಿ ಹಿಂದೆ ಸರಿದಳು.

"ಬ್ಯಾಡ್ರಿ ಅಕ್ಕಾರ. ದೊಡ್ಡವ್ವಾರ ಕಂಡ್ರ ನನಗ ಬೈತಾರ. ಇದರಾಗ ಹಾಕ್ರಿ." ಸೆರಗೊಡ್ಡಿದಳು. ಸುಂದರಬಾಯಿ ಹಾಕಿದಳು. ಕೈ ಮೇಲಿನಿಂದಲೇ ಹಾಕಿತು, ಕಲಿತದ್ದು ಮರೆತಿರಲಿಲ್ಲ.

ಸುಮ್ಮನೆ ಒಳಗೆ ಹೋಗಲಾರದೆ ಮಾತು ತೆಗೆದಳು. "ನಿನ್ನ ತಮ್ಮ ಧರ್ಮಣ್ಣ ಎಲ್ಲಿದ್ದಾನ ಈಗ? ಕಾಲೇಜಿಗೆ ಹೋಗುವಾಗ ನನ್ನ ಟ್ರಂಕು ಬಸ್‌ಸ್ಟ್ಯಾಂಡಿನ ತನಕಾ ಹೊತ್ತು ತರತಿದ್ದ."

"ಧರ್ಮಣ್ಣ ತೀರಿ ಏಳ ವರ್ಷಾತಲ್ರೀ ಅಕ್ಕಾರ. ನಿಮಗ ಯಾರೂ ಹೇಳಿಲ್ಲೇನು?"

"ಏನಾಗಿತ್ತು?"

"ಖಜೂರ್‍ಯಾಗ ಲಾರಿಗೆ ಕಲ್ಲ ಹೇರತಿದ್ದ. ಕಾಲಮ್ಯಾಲ ಬಿತ್ತು. ಗಡಿ ಆಚಿ ಯಾವದೋ ದವಾಖಾನಿಗೆ ಒಯ್ದಿವಿ. ಕಾಲಿನ ಪೆಟ್ಟ ದೊಡ್ಡದಲ್ಲ, ಉಳಿತಾನ ಅಂದ್ರು. ರಗತ ಭಾಳ ಹೋಗ್ಯಾದ ಅಂತ ಒಂದ ಬಾಟ್ಲಿ ಹಚ್ಚಿದ್ರು. ಹಚ್ಚಿದ ಹೊತ್ತಿಗೆ ಗಡಗಡ ನಡಗಾಕ ಶುರು ಮಾಡಿದ. ನಡಾ ಮುರಿತದ ಅಕ್ಕಾ, ನಡಾ ಮುರಿತದ ಅಂತ ಚೀರಿದ."

ಸುಂದರಬಾಯಿ ಕೇಳಬಾರದೆಂದುಕೊಂಡರೂ ಕೇಳಿದಳು. "ಮೂತ್ರ ಯಾವ ಬಣ್ಣ ಇತ್ತು?"

ಮಾಣಿಕಮ್ಮ ಅವಳ ಮುಖ ನೋಡಿದಳು. "ಕರ್‍ರಗ ಆಗಿತ್ರಿ. ಚಹಾದ ಕರಿ ನೀರಿನಂಗ. ನಿಮಗ ಹೆಂಗ ಗೊತ್ತಾತು?"

"ಹಂಗ... ಕೇಳಿದೆ."

"ಮರುದಿನ ಹೋಗಿಬಿಟ್ಟ. ಅವನ ಆಯುಷ್ಯ ಇಷ್ಟ ಇತ್ತು ಅಂದ್ರು ಡಾಕ್ಟರ." ಅವಳು ಸೆರಗಿನ ಗಂಟು ಬಿಗಿದುಕೊಂಡಳು. "ಈಗ ನಾವಿಬ್ಬರ ಉಳದೇವ್ರಿ. ನಾನು, ಜೇವರ್ಗ್ಯಾಗಿನ ತಂಗಿ. ಆಕಿಗೆ ಎಂಟನೇ ತಿಂಗಳರಿ ಈಗ. ಬಾಣಂತನಕ್ಕ ಹೋಗಬೇಕು, ಎಂಟ ದಿನ ಸೂಟಿ ಕೊಡ್ರಿ ಅಂತ ದೊಡ್ಡವ್ವಾರಿಗೆ ಕೇಳೀನಿ. ನೋಡೂಣು ತಗೋ ಅಂದಾರ."

'ನೋಡೂಣು ತಗೋ' ಗುರುಬಾಯಿಯ ಖಾಯಂ ಮಾತು. ಹಿತ್ತಲ ಬಾಗಿಲಲ್ಲಿ ನಿಂತು ಯಾರು ಏನು ಕೇಳಿದರೂ ಅದೇ ಉತ್ತರ. ಕೇಳಿದವರು ಮರುದಿನವೂ ಬರಬೇಕು, ಮತ್ತೆ ನಿಲ್ಲಬೇಕು.

ಸುಂದರಬಾಯಿ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ಧರ್ಮಣ್ಣನ ಬಾಟಲಿ ಓ ಗುಂಪಿನದು. ಅನುಮಾನವೇ ಇಲ್ಲ. ಐದು ವರ್ಷ ಮೊದಲು ಬರೆದಿಟ್ಟ ಒಂದು ಕಾರ್ಡು ಕೊಟ್ಟಿದ್ದರೆ, ಅವನ ಬೆರಳನ್ನೂ ಒಮ್ಮೆ ಚುಚ್ಚಿದ್ದರೆ... ಆ ಕ್ಷಣವೇ ಹೊರಗೆ ಬಂದು ಹೇಳಬೇಕಿತ್ತು. ಆದರೆ ಗುರುಬಾಯಿಯ ಗಡ್ಡೆಯ ಆಪರೇಶನ್ನು ಮಾರ್ಚ್ ಕೊನೆಗೆ ನಿಗದಿಯಾಗಿತ್ತು. ಒಮ್ಮೆ ಕೊಟ್ಟವರು ಮೂರು ತಿಂಗಳು ಬಿಟ್ಟು ಮತ್ತೆ ಕೊಡಬಹುದು ಎಂದೇ ಡಾಕ್ಟರು ಆ ದಿನ ಹಿಡಿದಿದ್ದರು. ಆಗ ಇನ್ನೊಂದು ಬಾಟಲಿ ಬೇಕೇ ಬೇಕು; ಮಾವಂದಿರದು ಹೊಂದಿರಲಿಲ್ಲ, ಮುಂಬಯಿಯಲ್ಲೂ ಯಾರೂ ಸಿಕ್ಕಿರಲಿಲ್ಲ, ಕೊಡಬಲ್ಲವಳು ಈ ಒಬ್ಬಳೇ. ಈಗ ಧರ್ಮಣ್ಣನ ವಿಷಯ ಹೇಳಿದರೆ ಅವಳು ಬರುತ್ತಾಳೆಯೇ? ಮಾರ್ಚ್ ಆಗಲಿ, ಆಮೇಲೆ ಹೇಳಿದರಾಯಿತು. ಹೀಗೆ ಲೆಕ್ಕ ಹಾಕುತ್ತಿರುವವಳು ತಾನೇ ಎಂದು ತಿಳಿದಾಗ ಕನ್ನಡಿ ನೋಡಲೂ ಅವಳಿಗೆ ಮನಸ್ಸಾಗಲಿಲ್ಲ.

* * *

ಸಂಕ್ರಾಂತಿ ಮುಗಿದ ವಾರ ಕಲ್ಯಾಣಪ್ಪನ ಮಗಳು ಶರಣಬಸಮ್ಮ ಅತ್ತೆ ಸುಂದರಬಾಯಿಯ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು. ಹದಿನೇಳರ ಹುಡುಗಿ, ಪಿಯುಸಿ ಎರಡನೆಯ ವರ್ಷ. ಅತ್ತೆಯ ಹಾಗೆ ಆಗಬೇಕೆಂಬ ಹುಚ್ಚು. ಅತ್ತೆಯ ಪೆಟ್ಟಿಗೆಯಲ್ಲಿದ್ದ ಹಳೆಯ ರಜಿಸ್ಟರು ಅವಳ ಕೈಯಲ್ಲಿತ್ತು.

"ಸುಂದ್ರತ್ತೀ, ನೂರಾ ಹದಿನಾಲ್ಕು ನಮ್ಮ ಮಾಣಿಕಮ್ಮನ ಅಲ್ಲ?"

"ಯಾರು ಕೊಟ್ರು ನಿನಗ ಅದನ್ನ?"

"ನೀವ ಓದು ಅಂದಿದ್ರಿ. ಹೇಳ್ರಿ, ಆಕಿನ ಅಲ್ಲ? ಜಂಗಮರ ಹೆಣ್ಣಮಗಳು ಅನ್ನೂದು ಸುಳ್ಳ ಅಲ್ಲ?"

"ಸಾವಕಾಶ ಮಾತಾಡ ಬೇ."

ಹುಡುಗಿ ಸಾವಕಾಶವಾಗಿಯೇ ಮಾತಾಡಿದಳು, ಅದು ಇನ್ನೂ ಕೆಟ್ಟದಾಯಿತು. "ಆಯಿಗೆ ಕಾರ್ಡ್ ಕೊಟ್ಟೀರಿ. ಮಾಣಿಕಮ್ಮನ ಕಾರ್ಡ್ ಇದರಾಗ ಅದ. ಯಾಕ ಕೊಟ್ಟಿಲ್ಲ?"

"ಆಗ ಪ್ರಸಂಗ ಹಂಗಿತ್ತು."

"ಒಡಹುಟ್ಟಿದವರಿಗೆ ಇರ್ತದ ಅಂತ ನೀವ ಬರದೀರಿ. ಆಕಿ ತಂಗಿ ಬಾಣಂತನ ಮುಂದಿನ ತಿಂಗಳ ಅಂತ. ಅಲ್ಲಿ ರಗತ ಹೋದ್ರ ಏನ ಹಚ್ಚತಾರತ್ತೀ?"

ದೇಶದ ದೊಡ್ಡ ದೊಡ್ಡ ಸಭೆಗಳಲ್ಲಿ ಎಂಥ ಪ್ರಶ್ನೆಗೂ ಎದ್ದು ನಿಂತು ಉತ್ತರ ಕೊಟ್ಟವಳು ಹುಡುಗಿಯ ಎದುರು ಹಾಸಿಗೆಯ ಅಂಚು ನೋಡುತ್ತ ಕುಳಿತಳು. ಶರಣಬಸಮ್ಮ ರಜಿಸ್ಟರನ್ನು ಮಂಚದ ಮೇಲಿಟ್ಟು ಹೋದಳು. ಅಂದಿನಿಂದ ಅತ್ತೆಯ ಪಕ್ಕದಲ್ಲಿ ಉಣ್ಣಲು ಕೂಡಲಿಲ್ಲ.

ಇತ್ತ ಗುರುಬಾಯಿ ಸುಮ್ಮನಿರಲಿಲ್ಲ. ಫೆಬ್ರುವರಿ ಹತ್ತನೆಯ ತಾರೀಖು ಸೋಮವಾರ, ಅಂದೇ ಉಡಿ ತುಂಬುವುದು ಎಂದು ಗೊತ್ತು ಮಾಡಿದರು. ಸುಭದ್ರಾಳಿಗೆ ಹಸಿರು ಇಳಕಲ್ ಸೀರೆ ತರಲು ಹೇಳಿದರು. ಅವಳು ತಂದ ಖಣ ಸೀರೆಗೆ ಹೊಂದಲಿಲ್ಲವೆಂದು ಎರಡು ದಿನ ಅತ್ತೆ ಸೊಸೆಗೆ ಮಾತಿಗೆ ಮಾತು ಬೆಳೆಯಿತು.

"ನನ್ನ ಬಾಣಂತನದಾಗೂ ಇಷ್ಟ ನೋಡಿ ಖಣ ತಂದಿರಲಿಲ್ರಿ ಅತ್ತೀ ನೀವು!"

"ನಿನಗ ಜೀವ ಕೊಟ್ಟಾಕಿ ನಿಮ್ಮವ್ವ. ನನಗ ಕೊಟ್ಟಾಕಿ ಈಕಿ. ಹೋಗು, ಬದಲ ಮಾಡಿಕೊಂಡ ಬಾ."

ಶನಿವಾರ ರಾತ್ರಿ ಊಟವಾದ ಮೇಲೆ ಕಲ್ಯಾಣಪ್ಪ ಅಕ್ಕನನ್ನು ತೊಗರಿ ಚೀಲಗಳ ಕೋಣೆಗೆ ಕರೆದ. ಯಾರ ಮುಖವನ್ನೂ ಕೆಡಿಸದೆ ವ್ಯವಹಾರ ಮುಗಿಸುವ ಮನುಷ್ಯ ಅವನು. "ಖರೇ ಹೇಳಕ್ಕಾ. ಆಕಿ ಇದ್ದಾಳೋ ಇಲ್ಲೋ?"

"ಇಲ್ಲ."

"ಯಾರದು ರಗತ? ಹೋಗಲಿ, ಹೇಳಬ್ಯಾಡ. ಸೊಲ್ಲಾಪುರಕ್ಕ ಯಾರನ್ನ ಕರಕೊಂಡ ಹೋಗಿದ್ದಿ ಅಂತ ನನಗ ಗೊತ್ತದ." ಅವನು ಹೊಸ್ತಿಲಾಚೆ ನೋಡಿ ದನಿ ಇಳಿಸಿದ. "ಖಜೂರ್‍ಯಾಗ ನನಗ ಗುರ್ತಿನ ಜಂಗಮರ ಮನಿ ಅದ. ಅವ್ವನ ಹರಕಿ ಅದ ಅಂತ ಹೇಳಿ ಅವರ ಮನಿ ಹೆಣ್ಣಮಗಳನ್ನ ಕರಕೊಂಡ ಬರ್ತೇನಿ. ಬರ್ತಾಳ, ಉಣತಾಳ, ಉಡಿ ತುಂಬಿಸಿಕೊಂಡ ಹೋಗ್ತಾಳ. ಅವ್ವಗ ಸಮಾಧಾನ. ಯಾರಿಗೇನ ಲುಕ್ಸಾನ?"

"ಹೂಂ," ಎಂದಳು ಸುಂದರಬಾಯಿ.

ಆ 'ಹೂಂ' ಅಂದದ್ದಕ್ಕೆ ಅವಳು ಮುಂದೆ ಎಷ್ಟೋ ವರ್ಷ ತನ್ನನ್ನು ತಾನು ಕ್ಷಮಿಸಲಿಲ್ಲ.

* * *

ಸೋಮವಾರ ಬೆಳಗ್ಗೆ ಅತಿಥಿ ಬರುತ್ತಾಳೆಂದು ಮಾಣಿಕಮ್ಮ ಅಂಗಳಕ್ಕೆ ಎರಡು ಸಲ ಸೆಗಣಿ ಸಾರಿಸಿದಳು, ಬಾವಿಯ ನೀರು ಸೇದಿ ಕೊಡ ತುಂಬಿ ಹಿತ್ತಲ ಹೊಸ್ತಿಲ ಹೊರಗಿಟ್ಟಳು. ಕಾಲು ತೊಳೆಯುವ ನೀರು. ಸುಭದ್ರಾ ಅದನ್ನು ಒಳಗೆ ತಂದುಕೊಂಡಳು. ತುಂಬಿದ ಕೊಡ ಹಿತ್ತಲಿಂದ ಒಳಗೆ ಬರಬಹುದು, ತುಂಬಿದವಳು ಬರುವಂತಿಲ್ಲ.

ಖಜೂರಿಯ ಹೆಣ್ಣುಮಗಳು ಪಾಪದವಳು, ಮೂವತ್ತರ ಆಸುಪಾಸು. ಮಣೆಯ ಮೇಲೆ ಮುದುಡಿ ಕುಳಿತಳು. ಗುರುಬಾಯಿ ಅವಳ ಕಾಲು ತೊಳೆದು, ವಿಭೂತಿ ಹಚ್ಚಿ, ಕಣ್ಣಲ್ಲಿ ನೀರು ತಂದುಕೊಂಡು ಕೇಳಿದರು:

"ಯಾವ ಕೈಲೆ ಕೊಟ್ಟೆವ್ವಾ ರಗತ? ಎಡಗೈಯೋ ಬಲಗೈಯೋ? ಆ ಕೈ ಕಣ್ಣಿಗಿ ಒತ್ತಿಕೋತೇನಿ."

ಅವಳು ಮಿಕಿಮಿಕಿ ನೋಡಿದಳು. "ಯಾವ ರಗತರಿ ಯವ್ವಾ? ಹರಕಿ ಐತಿ, ಉಡಿ ತುಂಬತಾರ ಅಂದ್ರು, ಬಂದೆ."

"ನಾಚಕೊಳ್ಳಾಕತ್ತಾರ ಅವ್ವಾ," ಎಂದ ಕಲ್ಯಾಣಪ್ಪ ಅವಸರದಿಂದ. "ಕೊಟ್ಟದ್ದು ಹೇಳಕೋಬಾರದಂತ ಅವರ ನೇಮ."

ಗುರುಬಾಯಿ ಮಗನತ್ತ ನೋಡಲಿಲ್ಲ. ಮಗಳತ್ತ ನೋಡಿದರು. ಸಾಲೆಯ ಕಟ್ಟೆಯ ಮೇಲೆ ಬೆರಳು ಚಾಚಿ ನೋಡಿದ್ದರಲ್ಲ, ಅದೇ ನೋಟ. ಮಗಳು ಹೇಳಿದ್ದೇ ಖರೆ ಎನ್ನುವ ನೋಟ. ಹೂಂ ಎಂದರೆ ಸಾಕಿತ್ತು. ಶರಣಬಸಮ್ಮ ಕಂಬಕ್ಕೆ ಆತುಕೊಂಡು ಅತ್ತೆಯ ಬಾಯನ್ನೇ ನೋಡುತ್ತಿದ್ದಳು. ಹಿತ್ತಲ ಬಾಗಿಲಾಚೆ ಮಾಣಿಕಮ್ಮ ಎರಡನೆಯ ಕೊಡ ಇಳಿಸಿ ನಿಂತಿದ್ದಳು.

"ಈಕಿ ಅಲ್ಲ ಅವ್ವಾ," ಎಂದಳು ಸುಂದರಬಾಯಿ.

"ಮತ್ಯಾರು?"

"ಅಲ್ಲಿ ನಿಂತಾಳ, ಕೊಡದ ಬಾಜೂಕ."

ಸುಭದ್ರಾ ಬಾಯಿಯ ಮೇಲೆ ಸೆರಗು ಒತ್ತಿಕೊಂಡಳು. ಖಜೂರಿಯವಳು ಏನೂ ತಿಳಿಯದೆ ಎದ್ದು ಗೋಡೆಗೆ ಸರಿದಳು. ಗುರುಬಾಯಿ ಉಡಿಯ ತಾಟು ಹಿಡಿದೇ ಕುಳಿತಿದ್ದರು, ಅಕ್ಕಿ ಅಂಚಿನಿಂದ ಸುರಿಯುತ್ತಿತ್ತು.

"ಎಂದಿನಿಂದ ಗೊತ್ತು ನಿನಗ?"

"ಬೆರಳು ಕೊಟ್ಟ ವರ್ಷದಿಂದ. ಹನ್ನೆರಡು ವರ್ಷಾತು."

"ಹನ್ನೆರಡ ವರ್ಷ ನಾ ಊರೆಲ್ಲಾ ಹೇಳಕೋತ ತಿರಗೇನಿ. ನನ್ನಂಥಾ ರಗತ ಯಾರಿಗೂ ಇಲ್ಲ ಅಂತ. ನೀ ಬಾಜೂಕ ಕುಂತು ನಗತಿದ್ದಿ." ದನಿ ಏರಲಿಲ್ಲ. "ನನ್ನ ಹುಚ್ಚ ಮಾಡಿದಿ ಸುಂದ್ರಾ. ಮಾವಂದಿರ ಕೂಡ ಜಗಳಾಡಿ ನಿನ್ನ ಓದಿಸಿದ್ದು ಇದಕ್ಕೇನು?"

ಬೈದಿದ್ದರೆ ಸುಂದರಬಾಯಿಗೆ ಹಗುರಾಗುತ್ತಿತ್ತು.

ಗುರುಬಾಯಿ ಗೋಡೆ ಹಿಡಿದು ಎದ್ದರು. ತಾಟನ್ನೂ ಸೀರೆಯನ್ನೂ ಎತ್ತಿಕೊಂಡು ಹಿತ್ತಲ ಬಾಗಿಲಿಗೆ ನಡೆದರು. ಹೊಸ್ತಿಲ ಮೇಲೆ ಒಂದು ಗಳಿಗೆ ತಡೆದು, ಆಮೇಲೆ ದಾಟಿದರು. ಅದರಲ್ಲಿ ಉಪಕಾರ ಎಷ್ಟಿತ್ತೋ ಮಾರ್ಚ್ ತಿಂಗಳ ಭಯ ಎಷ್ಟಿತ್ತೋ, ಅವರಿಗಾದರೂ ಗೊತ್ತಿತ್ತೋ ಇಲ್ಲವೋ.

"ಸೆರಗ ಒಡ್ಡು ಮಾಣಿಕಮ್ಮಾ," ಎಂದರು. ಮಾಣಕಿ ಎನ್ನಲಿಲ್ಲ.

ಮಾಣಿಕಮ್ಮನ ಕೈ ರೂಢಿಯಂತೆ ಸೆರಗಿಗೆ ಹೋಯಿತು. ಸುಂದರಬಾಯಿ ಓಡಿಬಂದು ಇಬ್ಬರ ನಡುವೆ ನಿಂತಳು.

"ಒಂದ ಮಾತು ಉಳದದ ಮಾಣಿಕಮ್ಮಾ. ಅದನ್ನ ಕೇಳಿ ಆಮ್ಯಾಲ ಒಡ್ಡು."

"ಅಕ್ಕಾ, ಸಾಕು!" ಎಂದ ಕಲ್ಯಾಣಪ್ಪ ಹಿಂದಿನಿಂದ. "ಹನ್ನೆರಡ ವರ್ಷ ಬಾಯಿ ಮುಚ್ಚಿದಾಕಿ ಇನ್ನೆರಡ ತಿಂಗಳ ಮುಚ್ಚಲಿಕ್ಕ ಬರಲಿಲ್ಲೇನು ನಿನಗ?"

ಅವಳು ಹೇಳಿದಳು. ತಡವರಿಸದೆ ಹೇಳಬೇಕೆಂದಿದ್ದಳು, ತಡವರಿಸಿದಳು. ನಿನ್ನಂಥ ರಕ್ತದವರಿಗೆ ಬೇರೆಯವರದು ವಿಷ. ಧರ್ಮಣ್ಣನ ಸಾವು ಕಾಲಿನ ಪೆಟ್ಟಿನಿಂದಲ್ಲ, ಆ ಬಾಟಲಿಯಿಂದ. ನಿನ್ನ ಗುಂಪು ನನಗೆ ಮೊದಲೇ ಗೊತ್ತಿತ್ತು, ಅವನನ್ನೂ ನೋಡಬೇಕಿತ್ತು, ನೋಡಲಿಲ್ಲ. ನಿನಗೆ ಹೇಳಲಿಲ್ಲ.

ಮಾಣಿಕಮ್ಮ ಪೂರ್ತಿ ಕೇಳಿಸಿಕೊಂಡಳು. "ಗೊತ್ತಿದ್ದಿದ್ರ ಉಳಿತಿದ್ನೇನ್ರಿ?"

ಖಚಿತ ಹೇಳಲಾಗದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪ್ರಬಂಧಗಳಲ್ಲಿ ಹಾಗೆಯೇ ಬರೆಯುವುದು.

"ಅವನದೂ ನಿನ್ನಂಥಾದ ಇದ್ದಿರಬೇಕು. ನಿನ್ನ ರಗತ ಹಚ್ಚಿದ್ರ ಉಳಿತಿದ್ದ," ಎಂದಳು ಸುಂದರಬಾಯಿ.

"ನನ್ನದಾ?"

"ನಿಂದ."

"ನಾ ಅಲ್ಲೇ ಇದ್ದೆನಲ್ರಿ ಅಕ್ಕಾರ. ಅವನ ಕೈ ಹಿಡಕೊಂಡ ಕುಂತಿದ್ದೆ."

ಮಾಣಿಕಮ್ಮ ಸೆರಗಿನ ತುದಿಯನ್ನು ಕೈಯಿಂದ ಬಿಡಿಸಿ, ಸೊಂಟಕ್ಕೆ ಸುತ್ತಿ, ಬಿಗಿಯಾಗಿ ಸಿಕ್ಕಿಸಿಕೊಂಡಳು. ಗುರುಬಾಯಿಯ ತಾಟು ಚಾಚಿದ್ದು ಚಾಚಿದಂತೆಯೇ ಇತ್ತು.

"ನನ್ನದೊಂದು ಚೀಟಿ ಅದಂತಲ್ರಿ," ಎಂದಳು ಅವಳು. "ಶರಣವ್ವ ಅಂದ್ಲು ಮೊನ್ನೆ. ಕೊಡ್ರಿ."

ಶರಣಬಸಮ್ಮ ಒಳಗೆ ಓಡಿ ರಜಿಸ್ಟರು ತಂದಳು. ಸುಂದರಬಾಯಿ ಹಳದಿಯಾದ ಕಾರ್ಡು ತೆಗೆದು ಅವಳ ಕೈಗೆ ಕೊಟ್ಟಳು. ಅಂಚು ಹಿಡಿದು ಬಿಡಲಿಲ್ಲ, ಅಂಗೈಯ ಮೇಲೆ ಇಟ್ಟಳು. ಓದು ಬಾರದ ಮಾಣಿಕಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹುಡುಗಿಗೆ ತೋರಿಸಿದಳು. "ಏನ ಬರದಾರವ್ವಾ ಇದರಾಗ?"

"ನೂರಾ ಹದಿನಾಲ್ಕು."

"ನನ್ನ ಹೆಸರು?"

"ಹೆಸರು ಇಲ್ಲ."

ಮಾಣಿಕಮ್ಮ ಕಾರ್ಡನ್ನು ಹಿಂದಕ್ಕೆ ಚಾಚಿದಳು. "ಹೆಸರ ಬರೀರಿ ಅಕ್ಕಾರ. ನಮ್ಮಪ್ಪನ ಹೆಸರೂ ಬರೀರಿ, ಮಹಾದೇವಪ್ಪ ಅಂತ. ನಾಳಿ ಮುಂಜಾನಿ ಮೊದಲನೇ ಬಸ್ಸಿಗಿ ಜೇವರ್ಗಿಗೆ ಹೋಗೂದದ. ನೀವು ನಿಮ್ಮ ಸೂಜಿ ಪೆಟಗಿ ತಗೊಂಡ ಬರ್ರಿ. ತಂಗಿದು ನೋಡ್ರಿ, ಆಕಿಗೂ ಚೀಟಿ ಕೊಡ್ರಿ. ಬಾಣಂತನ ಆಗೂ ತನಕಾ ನಾ ಅಲ್ಲೇ ಇರ್ತೇನಿ."

ಸೂಟಿ ಕೇಳಲಿಲ್ಲ, ಹೇಳಿದಳು.

ಸುಂದರಬಾಯಿ ಬಾವಿಕಟ್ಟೆಯ ಮೇಲೆ ಕಾರ್ಡಿಟ್ಟು ಬರೆದಳು. ಪೆನ್ನು ಎರಡು ಸಲ ತಡೆಯಿತು. "ಬರ್ತೇನಿ," ಎಂದಳು.

ಆಗ ಗುರುಬಾಯಿ ಕೇಳಿದರು. ಅವರ ಬಾಯಲ್ಲಿ ಅಂಥ ದನಿಯನ್ನು ಮಕ್ಕಳು ಎಂದೂ ಕೇಳಿರಲಿಲ್ಲ. "ಮಾರ್ಚಿನಾಗ... ಸೊಲ್ಲಾಪುರಕ್ಕ ಬರ್ತೀಯಲ್ಲ ಮಾಣಿಕಮ್ಮಾ?"

ಮಾಣಿಕಮ್ಮ ಕಾರ್ಡನ್ನು ಕುಬಸದೊಳಗೆ ಇಟ್ಟುಕೊಂಡಳು. ಗೋಡೆಗೆ ಆನಿಸಿದ್ದ ಕಸಬರಿಗೆಯ ಕಡೆ ನೋಡಿದಳು, ಮುಟ್ಟಲಿಲ್ಲ.

"ನೋಡೂಣು ತಗೋರಿ," ಎಂದು ಹೇಳಿ ಹಿತ್ತಲ ಕದ ದಾಟಿ ಓಣಿಗೆ ಇಳಿದಳು.

ಗುರುಬಾಯಿ ತಾಟು ಹಿಡಿದು ನಿಂತೇ ಇದ್ದರು. ಸುಂದರಬಾಯಿ ತಾಟು ಇಸಿದುಕೊಳ್ಳಲು ಹೋದಳು. ತಾಯಿ ಕೊಡಲಿಲ್ಲ.